ಮುಂಬಯಿಯನ್ನು ಹಾದುಹೋದ ಅಪಾಯದ ಪಟ್ಟಿ

2025ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಯೊಂದು ಓದುಗರಿಗೆ ನೆನಪಿರಬಹುದು. ಸುಮಾರು 60 ಮೀಟರ್ ಗಾತ್ರದ ‘2024 ವೈಆರ್4’ ಎಂಬ ಕ್ಷುದ್ರಗ್ರಹವು 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸುವ ಸಂಭವವಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಹಾಗೇನಾದರೂ ಆದಲ್ಲಿ, ಪೆಸಿಫಿಕ್ ಸಾಗರದ ಪೂರ್ವಭಾಗದಿಂದ ಆಫ್ರಿಕ, ಅರಬ್ಬೀ ಸಮುದ್ರಗಳನ್ನು ಹಾದು ದಕ್ಷಿಣ ಏಷ್ಯಾದವರೆಗೆ ಚಾಚಿದ ಕಿರಿದಾದ ಪಟ್ಟಿಯಲ್ಲಿ ಎಲ್ಲಾದರೊಂದು ಕಡೆ ಅದು ಬೀಳಬೇಕಿತ್ತು. ಆ ಪಟ್ಟಿಯೊಳಗೆ ನಮ್ಮ ಮುಂಬಯಿಯೂ ಇತ್ತು.

ಜನವರಿಯ ಕೊನೆಗೆ ಶೇಕಡಾ 1ನ್ನು ದಾಟಿದ್ದ ಈ ಸಂಭವ ಫೆಬ್ರವರಿ 18ರಂದು ಶೇಕಡಾ 3.1ಕ್ಕೇರಿತು. ಆ ಗಾತ್ರದ ಯಾವ ಕ್ಷುದ್ರಗ್ರಹಕ್ಕೂ ಅದುವರೆಗೆ ಅಷ್ಟು ಸಂಭವ ದಾಖಲಾಗಿರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅದೇ ಅಂಕಿ ಇಲ್ಲವೆನ್ನುವಷ್ಟು ಕೆಳಗಿಳಿಯಿತು. ವಿಜ್ಞಾನಿಗಳು ಸುಮ್ಮನೆ ಹೆದರಿಸಿದರೆಂದು ಆಡಿಕೊಂಡವರೂ ಉಂಟು. ಅದು ನ್ಯಾಯವಲ್ಲ.

ಹನ್ನೆರಡು ಬೋಗಿಗಳ ಲೋಕಲ್ ರೈಲಿನಲ್ಲಿ ಮಿತ್ರರೊಬ್ಬರು ಬರುತ್ತಿದ್ದಾರೆ, ತಾವು ದಾದರ್ ನಿಲ್ದಾಣದಲ್ಲಿ ಹತ್ತನೆಯ ಬೋಗಿ ನಿಲ್ಲುವ ಜಾಗದಲ್ಲಿ ಕಾಯುತ್ತಿದ್ದೀರಿ ಎಂದುಕೊಳ್ಳಿ. ಅವರು ತಮ್ಮೆದುರಿಗೇ ಇಳಿಯುವ ಸಂಭವ ಹನ್ನೆರಡರಲ್ಲಿ ಒಂದು. ಮೊದಲ ಆರು ಬೋಗಿಗಳಲ್ಲಿ ಅವರಿಲ್ಲವೆಂದು ತಿಳಿದರೆ ಅದು ಆರರಲ್ಲಿ ಒಂದಾಗುತ್ತದೆ. ಮಿತ್ರರು ಕುಳಿತ ಜಾಗ ಬಿಟ್ಟು ಕದಲಿಲ್ಲ. ಹೆಚ್ಚಿದ್ದು ತಮ್ಮ ತಿಳಿವಳಿಕೆ. ಅಷ್ಟರಲ್ಲಿ ಒಂಬತ್ತನೆಯ ಬೋಗಿಯಲ್ಲಿದ್ದೇನೆಂದು ಅವರೇ ಫೋನ್ ಮಾಡಿದರೆ ಸಂಭವ ಒಮ್ಮೆಲೇ ಸೊನ್ನೆ. ಕ್ಷುದ್ರಗ್ರಹದ ಲೆಕ್ಕವೂ ಹೀಗೆಯೇ. ಪ್ರತಿ ಹೊಸ ವೀಕ್ಷಣೆಯಿಂದ ಅದು ಹಾದುಹೋಗಬಹುದಾದ ಜಾಗ ಕಿರಿದಾಗುತ್ತದೆ. ಭೂಮಿ ಅದರೊಳಗೆ ಉಳಿದಿರುವಷ್ಟು ಕಾಲ ಅಂಕಿ ಏರುತ್ತದೆ, ಹೊರಬಿದ್ದೊಡನೆ ಕುಸಿಯುತ್ತದೆ.

60 ಮೀಟರಿನ ಕಲ್ಲಿಗೆ ಇಷ್ಟು ಚಿಂತೆ ಏಕೆ? 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾದಲ್ಲಿ ಹೆಚ್ಚುಕಡಿಮೆ ಅದೇ ಗಾತ್ರದ ಕಾಯವೊಂದು ನೆಲ ಮುಟ್ಟುವ ಮೊದಲೇ ಆಕಾಶದಲ್ಲಿ ಸ್ಫೋಟಿಸಿ, 2,000 ಚದರ ಕಿಲೋಮೀಟರಿಗೂ ಮಿಗಿಲಾದ ಕಾಡನ್ನು ನೆಲಕ್ಕೊರಗಿಸಿತು. ಬೃಹನ್ಮುಂಬಯಿಯ ವಿಸ್ತೀರ್ಣ ಅದರ ಮೂರನೆಯ ಒಂದು ಭಾಗವೂ ಇಲ್ಲ.

ಇಂತಹ ಆಘಾತದ ಗುರುತು ನೋಡಲು ಸೈಬೀರಿಯಕ್ಕೆ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಅಂತಹುದೇ. ಸುಮಾರು 1.8 ಕಿಲೋಮೀಟರ್ ಅಗಲದ ಈ ದುಂಡನೆಯ ಕುಳಿಯನ್ನು ಬಹುಕಾಲ ಜ್ವಾಲಾಮುಖಿಯ ಬಾಯಿಯೆಂದೇ ಭಾವಿಸಲಾಗಿತ್ತು. ಅಗಾಧ ಒತ್ತಡದಲ್ಲಿ ಮಾತ್ರ ಉಂಟಾಗುವ ಗಾಜಿನಂಥ ಖನಿಜ ಅಲ್ಲಿನ ಶಿಲೆಗಳಲ್ಲಿ ಕಂಡುಬಂದ ಮೇಲೆ ಆ ವಾದ ಬಿದ್ದುಹೋಯಿತು. ಕುಳಿಯ ವಯಸ್ಸು ಐವತ್ತು ಸಾವಿರ ವರ್ಷವೋ ಐದು ಲಕ್ಷಕ್ಕೂ ಹೆಚ್ಚೋ ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಲೋಣಾರಿನ ನೆಲವೇ ಆದ ದಖ್ಖನ್ ಲಾವಾ ಹರಿಯುತ್ತಿದ್ದ ಯುಗದಲ್ಲಿಯೇ, ಅಂದರೆ 6.6 ಕೋಟಿ ವರ್ಷಗಳ ಹಿಂದೆ, ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಸುಮಾರು 10 ಕಿಲೋಮೀಟರ್ ಗಾತ್ರದ ಕ್ಷುದ್ರಗ್ರಹ ಅಪ್ಪಳಿಸಿತು. ಡೈನೋಸಾರುಗಳ ಅಂತ್ಯ ಆಗಲೇ ಆದದ್ದು.

ಅಷ್ಟು ದೊಡ್ಡವುಗಳ ಬಗ್ಗೆ ಇಂದು ಹೆಚ್ಚು ಆತಂಕವಿಲ್ಲ. ಭೂಮಿಯ ಬಳಿ ಸುಳಿಯುವ ಒಂದು ಕಿಲೋಮೀಟರಿಗೆ ಮೀರಿದ ಕ್ಷುದ್ರಗ್ರಹಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಪತ್ತೆಯಾಗಿವೆ. ಬಹುದೂರದಿಂದ ಬರುವ ಧೂಮಕೇತುಗಳು ಅಪರೂಪ. ಬಂದರೆ ಮುನ್ಸೂಚನೆಗೆ ಸಿಗುವ ಕಾಲವೂ ಅಲ್ಪ. ನಿಜವಾದ ತೊಡಕು ನಡುಗಾತ್ರದವುಗಳದು. 140 ಮೀಟರಿನಷ್ಟು ಗಾತ್ರದವುಗಳಲ್ಲಿ ಅರ್ಧದಷ್ಟೂ ಇನ್ನೂ ಕಣ್ಣಿಗೆ ಬಿದ್ದಿಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿದ ಕಾಯ ಕೇವಲ 20 ಮೀಟರಿನದು. ಅದು ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾರಿಗೂ ಕಾಣಲಿಲ್ಲ. ಗಾಯಗೊಂಡ ಸುಮಾರು 1,500 ಜನರಲ್ಲಿ ಬಹುಪಾಲು ಮಂದಿಗೆ ತಗುಲಿದ್ದು ಒಡೆದ ಕಿಟಕಿಯ ಗಾಜು.

ಮೊದಲೇ ತಿಳಿದರೆ ಉಪಾಯವಿಲ್ಲದಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಾಸಾದ ‘ಡಾರ್ಟ್’ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಢಿಕ್ಕಿ ಹೊಡೆದು, ಅದರ ಪರಿಭ್ರಮಣ ಕಾಲವನ್ನು ಅರ್ಧ ಗಂಟೆಗೂ ಹೆಚ್ಚು ತಗ್ಗಿಸಿತು. ಆದರೆ ಇಂತಹ ಅಲ್ಪ ನೂಕು ಫಲಿಸಬೇಕಾದರೆ ವರ್ಷಗಳ ಕಾಲಾವಕಾಶ ಬೇಕು. 2024 ವೈಆರ್4 ಭೂಮಿಗೆ ಅತಿ ಸಮೀಪವಾಗಿ ಹಾದುಹೋದದ್ದು 2024ರ ಡಿಸೆಂಬರ್ 25ರಂದು. ಚಿಲಿಯ ದೂರದರ್ಶಕ ಅದನ್ನು ಮೊದಲ ಬಾರಿ ಕಂಡದ್ದು ಎರಡು ದಿನಗಳ ನಂತರ.