ಪರರ ನೆಲದಲ್ಲಿ ತಮ್ಮದೇ ಕಾನೂನು

ಚೀನಾದ ಶಾಂಘೈ ನಗರದಲ್ಲಿ 1865ರಿಂದ ಬ್ರಿಟಿಷರದೇ ಸುಪ್ರೀಂ ಕೋರ್ಟ್ ಇತ್ತೆಂದರೆ ಅನೇಕರಿಗೆ ಅಚ್ಚರಿಯಾದೀತು. ಅದರ ಬೇರು ಅಫೀಮು ಯುದ್ಧದಲ್ಲಿದೆ. ಯುದ್ಧದಲ್ಲಿ ಸೋತ ಚೀನಾ, 1843ರ ಬೋಗ್ ಒಪ್ಪಂದದಲ್ಲಿ, ತನ್ನ ನೆಲದಲ್ಲಿ ತಪ್ಪೆಸಗಿದ ಬ್ರಿಟಿಷ್ ಪ್ರಜೆಯನ್ನು ಶಿಕ್ಷಿಸುವ ಅಧಿಕಾರವನ್ನೇ ಬಿಟ್ಟುಕೊಟ್ಟಿತು. ಮರುವರ್ಷ ಅಮೆರಿಕ, ಫ್ರಾನ್ಸ್‌ಗಳೂ ಇದೇ ಹಕ್ಕನ್ನು ಪಡೆದವು. ಚೀನೀ ಶಿಕ್ಷಾಕ್ರಮ ಕ್ರೂರವೆಂಬುದು ಪಾಶ್ಚಾತ್ಯರ ಸಮರ್ಥನೆಯಾಗಿತ್ತು. ವಿದೇಶೀಯನಿಗೆ ನ್ಯಾಯಯುತ ವಿಚಾರಣೆ ದೊರೆಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅತಿಥಿಗೊಂದು, ಮನೆಯವರಿಗೊಂದು ಕಾನೂನು ನ್ಯಾಯವೆನಿಸದು.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ನಮ್ಮವರ ಪಾತ್ರ. ಬ್ರಿಟಿಷ್ ಪ್ರಜೆಗಳೆನಿಸಿದ್ದ ಭಾರತೀಯರೂ ಅಲ್ಲಿ ಚೀನೀ ಕಾನೂನಿಗೆ ಅತೀತರಾಗಿದ್ದರು. ತಾಯ್ನಾಡಿನಲ್ಲಿ ಆಳಿಸಿಕೊಳ್ಳುತ್ತಿದ್ದವರು ಶಾಂಘೈನಲ್ಲಿ ಆಳುವವರ ಕಾವಲುಗಾರರಾದರು. ಅಲ್ಲಿನ ಅಂತರರಾಷ್ಟ್ರೀಯ ವಸಾಹತಿನ ಪೊಲೀಸ್ ಪಡೆಯಲ್ಲಿ ಸಿಖ್ಖರಿದ್ದರು. 1925ರ ಮೇ 30ರಂದು ನಾನ್‌ಜಿಂಗ್ ರಸ್ತೆಯಲ್ಲಿ ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದವರಲ್ಲಿ ಚೀನೀ ಪೇದೆಗಳೊಂದಿಗೆ ಅವರೂ ಇದ್ದರು.

1943ರಲ್ಲಿ ಬ್ರಿಟನ್ ಮತ್ತು ಅಮೆರಿಕ ಈ ವಿಶೇಷ ಹಕ್ಕನ್ನು ತ್ಯಜಿಸಿದವು. ಒಪ್ಪಂದ ರದ್ದಾದೊಡನೆ ಅವಮಾನದ ನೆನಪು ಅಳಿಯುವುದಿಲ್ಲ. ಸಾಮ್ರಾಜ್ಯಶಾಹಿಯಿಂದ ನೊಂದವರು ನಾವು, ನಿಜ. ಅದರ ಬಂದೂಕು ಹಿಡಿದ ಕೈಗಳಲ್ಲಿ ನಮ್ಮವೂ ಇದ್ದವೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸುವ ಪ್ರಾಮಾಣಿಕತೆಯೂ ನಮಗಿರಬೇಕು.