ಸೈಕಲ್ ಬಿಡಿಭಾಗಗಳ ಸುರಕ್ಷತಾ ಹಿಂಪಡೆಯುವಿಕೆ: ಸಾರ್ವಜನಿಕರಿಗೆ ಮಾಹಿತಿ

ಹೋಳೂರು ಸೇರಿದಂತೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಸೈಕಲ್ ಬಳಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬ್ರೇಕ್, ಫೋರ್ಕ್ ಅಥವಾ ಕ್ರ್ಯಾಂಕ್‌ನಲ್ಲಿ ತಯಾರಿಕಾ ದೋಷವಿದ್ದಲ್ಲಿ ಮುನ್ಸೂಚನೆಯಿಲ್ಲದೆ ಅಪಘಾತ ಸಂಭವಿಸಬಹುದು.

ಹಿಂಪಡೆಯುವಿಕೆ ಎಂದರೇನು?

ಮಾರಾಟವಾದ ಸರಕಿನಲ್ಲಿ ಅಪಾಯಕಾರಿ ದೋಷ ಕಂಡುಬಂದಾಗ ತಯಾರಕರು ಅದನ್ನು ಹಿಂದಕ್ಕೆ ಪಡೆದು ದುರಸ್ತಿ ಮಾಡುವುದು, ಬದಲಿಸುವುದು ಅಥವಾ ಹಣ ಮರುಪಾವತಿಸುವುದೇ ಹಿಂಪಡೆಯುವಿಕೆ. 2015ರಲ್ಲಿ ಟ್ರೆಕ್ ಸಂಸ್ಥೆಯು ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್‌ಗಳಿಗೆ ಈ ಕ್ರಮ ಕೈಗೊಂಡಿತು. ಮುಂದಿನ ಚಕ್ರದ ಕ್ವಿಕ್ ರಿಲೀಸ್ ಲಿವರ್ ಸಡಿಲವಾಗಿದ್ದಲ್ಲಿ ಡಿಸ್ಕ್ ಬ್ರೇಕಿಗೆ ಸಿಲುಕಿ ಚಕ್ರ ಹಠಾತ್ತನೆ ನಿಲ್ಲುವ ಸಾಧ್ಯತೆ ಇದ್ದುದೇ ಇದಕ್ಕೆ ಕಾರಣ. ಲಿವರನ್ನು ಪೂರ್ಣ ತೆರೆದಾಗ ಅದಕ್ಕೂ ಡಿಸ್ಕ್‌ಗೂ ನಡುವೆ 6 ಮಿ.ಮೀ. ಅಂತರವಿಲ್ಲದಿದ್ದಲ್ಲಿ ಅಂತಹ ಸೈಕಲ್ ಬಳಸಬಾರದೆಂದು ತಿಳಿಸಲಾಯಿತು. 2023ರಲ್ಲಿ ಶಿಮಾನೊ ಸಂಸ್ಥೆಯು, ಅಂಟಿಸಿದ ಭಾಗಗಳು ಬೇರ್ಪಡುತ್ತಿದ್ದ ಕ್ರ್ಯಾಂಕ್‌ಗಳನ್ನು ಉಚಿತವಾಗಿ ಪರಿಶೀಲಿಸಿ ಬದಲಿಸಲು ಕ್ರಮ ಕೈಗೊಂಡಿತು.

ಕಾನೂನಿನ ರಕ್ಷಣೆ

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 20ರ ಮೇರೆಗೆ, ಅಪಾಯಕಾರಿ ಸರಕನ್ನು ಹಿಂಪಡೆಯಲು ಹಾಗೂ ಖರೀದಿದಾರರಿಗೆ ಹಣ ಮರಳಿಸಲು ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇರುತ್ತದೆ. 2022ರಲ್ಲಿ, ಅಂತರ್ಜಾಲ ಮಳಿಗೆಗಳ ಮೂಲಕ ಮಾರಾಟವಾಗಿದ್ದ ಮಾನಕರಹಿತ ಪ್ರೆಷರ್ ಕುಕ್ಕರ್‌ಗಳ ವಿಷಯದಲ್ಲಿ ಪ್ರಾಧಿಕಾರವು ಇಂತಹ ಆದೇಶ ಹೊರಡಿಸಿತು.

ರಸೀದಿಯ ಮಹತ್ವ

ಅಂತರ್ಜಾಲ ಮಳಿಗೆಗಳ ಬಳಿ ಖರೀದಿದಾರರ ವಿಳಾಸವಿರುತ್ತದೆ. ಊರಿನ ಅಂಗಡಿಯಲ್ಲಿ ನಗದು ನೀಡಿ, ರಸೀದಿ ಪಡೆಯದೆ ಕೊಂಡ ಸೈಕಲಿನ ಒಡೆಯರು ಯಾರೆಂದು ತಯಾರಕರಿಗೆ ತಿಳಿಯುವುದಿಲ್ಲ. ಮೋಟಾರು ವಾಹನಗಳಂತೆ ಸೈಕಲಿಗೆ ನೋಂದಣಿಯೂ ಇಲ್ಲ. ಆದುದರಿಂದ ಹಿಂಪಡೆಯುವ ಪ್ರಕಟಣೆ ಹೊರಟರೂ ಅದು ಸವಾರರನ್ನು ತಲುಪದೇ ಹೋಗಬಹುದು. ಖರೀದಿಸುವಾಗ ರಸೀದಿ ಪಡೆದು, ಚೌಕಟ್ಟಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ಅದರಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ದೋಷ ಕಂಡುಬಂದಲ್ಲಿ ಅನುಸರಿಸಬೇಕಾದ ಕ್ರಮ

1. ಸೈಕಲಿನ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಮಕ್ಕಳಿಗೂ ನೀಡಬಾರದು.
2. ಮುರಿದ ಭಾಗವನ್ನು ಎಸೆಯಬಾರದು, ಗುಜರಿಗೆ ಹಾಕಬಾರದು, ಬೆಸುಗೆ ಹಾಕಿಸಬಾರದು. ದೋಷಕ್ಕೆ ಅದೇ ಮುಖ್ಯ ಸಾಕ್ಷ್ಯ. ಗ್ರಾಹಕರ ಆಯೋಗವು ಅಗತ್ಯವೆನಿಸಿದಲ್ಲಿ ಅದನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದು.
3. ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತ ದೂರು ನೀಡಿ, ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.
4. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇತರರಿಗೂ ಅಪಾಯವಾಗುವ ದೋಷವಾಗಿದ್ದಲ್ಲಿ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.
5. ವೈಯಕ್ತಿಕ ಪರಿಹಾರಕ್ಕಾಗಿ ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ.

ಶಾಲಾ ಸೈಕಲ್‌ಗಳು

2006-07ನೇ ಸಾಲಿನಲ್ಲಿ ಆರಂಭವಾದ ಯೋಜನೆಯಡಿ 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಿಸಲಾಗಿತ್ತು. 2018ರಲ್ಲಿ ಅವುಗಳ ಗುಣಮಟ್ಟದ ಬಗ್ಗೆ ರಾಜ್ಯದಲ್ಲಿ ದೂರುಗಳು ಕೇಳಿಬಂದಿದ್ದವು. ಅಂತಹ ಸೈಕಲ್ ಇಂದಿಗೂ ಮನೆಯಲ್ಲಿ ಬಳಕೆಯಲ್ಲಿದ್ದರೆ, ಬ್ರೇಕ್, ಫೋರ್ಕ್ ಮತ್ತು ಬೆಸುಗೆಯ ಜಾಗಗಳನ್ನು ನುರಿತ ಮೆಕ್ಯಾನಿಕ್‌ರಿಂದ ಪರೀಕ್ಷಿಸಿದ ನಂತರವೇ ಮಕ್ಕಳಿಗೆ ನೀಡುವಂತೆ ಪೋಷಕರನ್ನು ಕೋರಲಾಗಿದೆ.