ಟರ್ಮಿನಲ್ ಬಣ್ಣಗಳ ಮರುಸ್ಥಾಪನೆ

ಟರ್ಮಿನಲ್ ಬಣ್ಣಗಳ ಮರುಸ್ಥಾಪನೆ ಎಂದರೆ ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಪಠ್ಯ ಸಂಪಾದಕವನ್ನು ಮುಚ್ಚಿದ ಬಳಿಕವೂ ಟರ್ಮಿನಲ್ ಪರದೆಯ ಮೇಲೆ ಉಳಿದುಕೊಳ್ಳುವ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳನ್ನು ಮೂಲಸ್ಥಿತಿಗೆ ತರುವ ಕ್ರಮ. ವಿಮ್, ಈಮ್ಯಾಕ್ಸ್, ನ್ಯಾನೋ ಮೊದಲಾದ ಸಂಪಾದಕಗಳನ್ನು ಟರ್ಮಿನಲ್‌ನಲ್ಲಿ ಬಳಸುವವರಿಗೆ ಈ ತೊಂದರೆ ಎದುರಾಗುವುದುಂಟು. ಇದರಿಂದ ಉಳಿಸಿದ ಕಡತಕ್ಕೆ ಹಾನಿಯಾಗುವುದಿಲ್ಲ. ಬದಲಾಗಿರುವುದು ಟರ್ಮಿನಲ್‌ನ ಸ್ಥಿತಿ ಮಾತ್ರ. ಆದ್ದರಿಂದ ಟರ್ಮಿನಲ್ ಕಿಟಕಿಯನ್ನೇ ಮುಚ್ಚಿ, ಅದರಲ್ಲಿ ನಡೆಯುತ್ತಿರುವ ಇತರ ಕೆಲಸಗಳನ್ನು ಕಳೆದುಕೊಳ್ಳುವ ಅಗತ್ಯವಿಲ್ಲ.

ಹಿನ್ನೆಲೆ

ಟರ್ಮಿನಲ್‌ಗೆ ಬಣ್ಣದ ಆದೇಶಗಳು ಅಕ್ಷರಗಳ ಜೊತೆಯಲ್ಲಿಯೇ ರವಾನೆಯಾಗುತ್ತವೆ. ಇವನ್ನು ಎಸ್ಕೇಪ್ ಸರಣಿಗಳು ಎನ್ನುತ್ತಾರೆ. ಆಸ್ಕಿ ಪಟ್ಟಿಯ 27ನೆಯ ಅಕ್ಷರದಿಂದ ಸರಣಿಯು ಆರಂಭವಾಗುತ್ತದೆ. 1978ರಲ್ಲಿ ಬಂದ ಡಿಇಸಿ ಸಂಸ್ಥೆಯ ವಿಟಿ100 ಟರ್ಮಿನಲ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಬಣ್ಣದ ಸರಣಿಗಳಲ್ಲಿ 30ರಿಂದ 37ರವರೆಗಿನ ಸಂಖ್ಯೆಗಳು ಅಕ್ಷರದ ಬಣ್ಣವನ್ನೂ 40ರಿಂದ 47ರವರೆಗಿನವು ಹಿನ್ನೆಲೆಯ ಬಣ್ಣವನ್ನೂ ಸೂಚಿಸುತ್ತವೆ. 0 ಎಲ್ಲವನ್ನೂ ಮೂಲಸ್ಥಿತಿಗೆ ತರುತ್ತದೆ. ಒಮ್ಮೆ ನೀಡಿದ ಆದೇಶವು ಮತ್ತೊಂದು ಆದೇಶ ಬರುವವರೆಗೆ ಜಾರಿಯಲ್ಲಿರುತ್ತದೆ. ಆದೇಶ ನೀಡಿದ ತಂತ್ರಾಂಶವು ಮುಗಿದಿದೆಯೇ ಎಂಬುದನ್ನು ಟರ್ಮಿನಲ್ ಗಮನಿಸುವುದಿಲ್ಲ.

ಕಾರಣಗಳು

* ಸಂಪಾದಕವು ಹಠಾತ್ತನೆ ನಿಂತುಹೋಗುವುದು. ಸಾಮಾನ್ಯವಾಗಿ ಸಂಪಾದಕವು ನಿರ್ಗಮಿಸುವಾಗ ಬಣ್ಣಗಳನ್ನು ತಾನೇ ಸರಿಪಡಿಸುತ್ತದೆ. 9ನೆಯ ಸಂಕೇತದಿಂದ ಕೊನೆಗೊಳಿಸಿದಾಗ ಅಥವಾ ದೂರದ ಗಣಕದ ಸಂಪರ್ಕ ಕಡಿದುಹೋದಾಗ ಅದಕ್ಕೆ ಆ ಅವಕಾಶ ಸಿಗುವುದಿಲ್ಲ.
* ‘ಟರ್ಮ್’ ಎಂಬ ಪರಿಸರ ಚರಾಂಶದಲ್ಲಿ ಟರ್ಮಿನಲ್‌ನ ಹೆಸರು ತಪ್ಪಾಗಿರುವುದು. ಸಂಪಾದಕವು ಈ ಹೆಸರಿನ ಆಧಾರದ ಮೇಲೆ ಟರ್ಮ್‌ಇನ್ಫೋ ದತ್ತಸಂಚಯದಿಂದ ಸರಣಿಗಳನ್ನು ಆರಿಸಿಕೊಳ್ಳುತ್ತದೆ; ಹೆಸರು ತಪ್ಪಿದರೆ ಟರ್ಮಿನಲ್‌ಗೆ ತಿಳಿಯದ ಆದೇಶಗಳು ಹೋಗುತ್ತವೆ.
* ಅಳಿಸಿದ ಜಾಗವನ್ನು ಜಾರಿಯಲ್ಲಿರುವ ಹಿನ್ನೆಲೆ ಬಣ್ಣದಿಂದಲೇ ತುಂಬುವ ಗುಣ ಹಲವು ಟರ್ಮಿನಲ್‌ಗಳಿಗಿದೆ. ಹೀಗಾಗಿ ಉಳಿದುಹೋದ ಒಂದು ಆದೇಶದಿಂದ ಇಡೀ ಪರದೆಗೆ ಬಣ್ಣ ಹರಡಬಹುದು. ಇಂತಹ ಸಂದರ್ಭದಲ್ಲಿ ‘ಕ್ಲಿಯರ್’ ಆದೇಶದಿಂದ ಪ್ರಯೋಜನವಾಗದಿರುವುದು ಇದರಿಂದಲೇ.

ಪರಿಹಾರಗಳು

ಬಣ್ಣ ಮಾತ್ರ ಉಳಿದಿದ್ದರೆ ‘ಟಿಪುಟ್ ಎಸ್‌ಜಿಆರ್0’ ಆದೇಶ ಸಾಕಾಗುತ್ತದೆ. ಟೈಪಿಸಿದ ಅಕ್ಷರಗಳು ಕಾಣದಿದ್ದರೆ ಅಥವಾ ಸಾಲುಗಳು ಮೆಟ್ಟಿಲಿನಂತೆ ಓರೆಯಾಗಿ ಮೂಡುತ್ತಿದ್ದರೆ ‘ಎಸ್‌ಟಿಟಿವೈ ಸೇನ್’ ಆದೇಶವನ್ನು ಬಳಸಬೇಕು. ‘ರೀಸೆಟ್’ ಆದೇಶವು ಈ ಎರಡೂ ಬಗೆಯ ದೋಷಗಳನ್ನು ಸರಿಪಡಿಸುತ್ತದೆ. ಎಂಟರ್ ಕೀಲಿ ಕೆಲಸ ಮಾಡದಿದ್ದರೆ ಆದೇಶದ ಮೊದಲೂ ಕೊನೆಯಲ್ಲೂ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಬಹುದು. ಅಕ್ಷರಗಳು ಕಾಣದಿದ್ದರೂ ಆದೇಶವು ನಡೆಯುತ್ತದೆ.

ವಿಮ್ ಹಠಾತ್ತನೆ ನಿಂತಿದ್ದಲ್ಲಿ, ಉಳಿಸದ ಬರಹದ ಹೆಚ್ಚಿನ ಭಾಗವು ಸಾಮಾನ್ಯವಾಗಿ ಅದರ ಸ್ವಾಪ್ ಕಡತದಲ್ಲಿರುತ್ತದೆ. ‘ವಿಮ್’ ಆದೇಶಕ್ಕೆ ‘-ಆರ್’ ಆಯ್ಕೆಯನ್ನೂ ಕಡತದ ಹೆಸರನ್ನೂ ಸೇರಿಸಿ ಅದನ್ನು ಮರಳಿ ಪಡೆಯಬಹುದು.

ಮುನ್ನೆಚ್ಚರಿಕೆ

‘ಟರ್ಮ್’ ಚರಾಂಶದ ಮೌಲ್ಯವನ್ನು ಶೆಲ್‌ನ ಆರಂಭಿಕ ಕಡತದಲ್ಲಿ ಬಲವಂತವಾಗಿ ನಿಗದಿಪಡಿಸದೆ, ಅದನ್ನು ಟರ್ಮಿನಲ್‌ಗೇ ಬಿಡುವುದು ಉತ್ತಮ. ಟಿಮಕ್ಸ್‌ನ ಒಳಗೆ ಈ ಮೌಲ್ಯವು ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಎಂಬ ಹೆಸರಿನಿಂದ ಆರಂಭವಾಗಬೇಕು. ಶೆಲ್ ಪ್ರಾಂಪ್ಟ್‌ನ ಆರಂಭದಲ್ಲಿ 0 ಸಂಖ್ಯೆಯ ಬಣ್ಣದ ಸರಣಿಯನ್ನು ಸೇರಿಸಿದರೆ, ಪ್ರತಿ ಆದೇಶ ಮುಗಿದಾಗಲೂ ಬಣ್ಣಗಳು ತಾವಾಗಿಯೇ ಮೂಲಸ್ಥಿತಿಗೆ ಮರಳುತ್ತವೆ.